ಅತ್ತೆಗೆ ಹೇಳಬಾರದ ಮೊಸರಿನ ಸಂಗತಿ

ದೇವರು ನನಗೆ ಕೊಟ್ಟಿರುವ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಈ ವಯಸ್ಸಿನಲ್ಲಿ ಅನ್ನ ನಿಲ್ಲುವುದೇ ದೊಡ್ಡದು, ನನ್ನ ಓರಗೆಯವರಲ್ಲಿ ಅದೂ ನಿಲ್ಲದವರಿದ್ದಾರೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಶಿವನ ಮುಂದೆ ಕೂತಾಗ ನಾನು ಬೇಡುವುದು ಕಡಿಮೆ, ಉಪಕಾರ ನೆನೆಯುವುದೇ ಜಾಸ್ತಿ. ಮಂಡಿ ನೋವು ಒಂದೇ ಕಾಲಿಗೆ ಕೊಟ್ಟು ಇನ್ನೊಂದನ್ನು ಬಿಟ್ಟಿದ್ದೀಯಪ್ಪ, ದೊಡ್ಡ ಮನಸ್ಸು ನಿಂದು. ನಿನ್ನೆ ಗ್ಯಾಸ್ ಮುಗಿದದ್ದು ಒಗ್ಗರಣೆ ಹಾಕಿದ ಮೇಲೆ, ಮುಂಚೆ ಅಲ್ಲ, ಅದೂ ನಿನ್ನ ದಯೆ. ಇಂಥ ಚಿಲ್ಲರೆ ಉಪಕಾರಗಳ ಸಾಲಿಗೆ ಈಚೆಗೆ ಒಂದು ದೊಡ್ಡ ನೋಟೇ ಬಂದು ಸೇರಿತು: ಮೊಮ್ಮಗಳು ಶಾಲೆಗೆ ಹೋಗುವ ಕಾಲದಲ್ಲಿ ಅವನು ನನ್ನನ್ನೂ ಮತ್ತೆ ಪಾಠಕ್ಕೆ ಕೂರಿಸಿದ.

ಆದದ್ದು ಹೀಗೆ. ಕುಂಬಾರಕೊಪ್ಪಲಿನ ನಮ್ಮ ಬೀದಿಯ ಕೊನೆಯ ಮನೆಗೆ ವಿಮಲಾ ಮೇಡಂ ಅಂತ ಒಬ್ಬರು ಬಂದರು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಲಾರಿಯಿಂದ ಮಂಚ, ಬೀರು ಎಲ್ಲ ಇಳಿಯುತ್ತಿದ್ದರೆ ಅವರು ಮಾತ್ರ ಆಟೋದಲ್ಲಿ ಒಂದು ಮರದ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿಳಿದರು. ನೋಡಿಯೂ ಕೇಳದೆ ಇರುವುದು ನನ್ನ ಜಾಯಮಾನವಲ್ಲ. "ಏನು ಮೇಡಂ ಅದು, ಹಾರ್ಮೋನಿಯಮ್ಮಾ?" ಅಂದೆ. ಅವರು ನಕ್ಕು, "ಮೈಕ್ರೋಸ್ಕೋಪು ಕಣ್ರೀ. ಸಾಮಾನು ಜೋಡಿಸಿದ ಮೇಲೆ ಬನ್ನಿ, ತೋರಿಸ್ತೀನಿ" ಅಂದರು. ಬನ್ನಿ ಅಂದರೆ ಹೋಗಿಬಿಡುವವಳು ನಾನು. ಪಕ್ಕದ ಮನೆ ಪುಟ್ಟಗೌರಮ್ಮನನ್ನೂ ಎಳೆದುಕೊಂಡು ಹೋದೆ. ಅಲ್ಲಿಂದ ಶುರುವಾದದ್ದು ನಮ್ಮ ಮಧ್ಯಾಹ್ನದ ಕ್ಲಾಸು. ಬುಧವಾರ, ಶನಿವಾರ, ಪಾತ್ರೆ ತೊಳೆದು ಕವುಚಿದ ಮೇಲೆ, ಕಾಫಿಗೆ ಹಾಲಿಡುವ ಮುಂಚೆ, ಮೇಡಂ ಮನೆ ಪಡಸಾಲೆಯಲ್ಲಿ.

ನಾನು ಸೈನ್ಸು ಕಲಿಯಬೇಕು ಅಂತ ಆಸೆಪಟ್ಟಿದ್ದು ಇದೇ ಮೊದಲಲ್ಲ. ಎಸ್ಸೆಸ್ಸೆಲ್ಸಿ ಪಾಸಾದಾಗ ಕೇಳಿದ್ದೆ. ನಮ್ಮಪ್ಪ ಅರ್ಧ ದಿನ ಯೋಚನೆ ಮಾಡಿ, "ಕಪ್ಪೆ ಕುಯ್ಯೋ ಹುಡುಗೀನ ನಮ್ಮ ಜನದಲ್ಲಿ ಯಾರವ್ವ ಮಾಡ್ಕೋತಾರೆ?" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಲಿಂಗ ಕಟ್ಟಿದ ಮನೆ, ಬೆಳ್ಳುಳ್ಳಿ ವಾಸನೆ ಬಂದರೇ ಕಿಟಕಿ ತೆಗೆಯುವ ಅಜ್ಜಿ. ನಾನು ಆರ್ಟ್ಸ್ ತೆಗೆದುಕೊಂಡೆ. ಕಪ್ಪೆ ತಪ್ಪಿಸಿಕೊಂಡಿತು, ನಾನು ಮದುವೆಗೆ ಸಿಕ್ಕಿಬಿದ್ದೆ.

ಹೀಗೆ ಇಷ್ಟು ವರ್ಷ ಕಾದಿದ್ದವಳಿಗೆ ಮೊದಲ ದಿನ ಆದ ಅವಮಾನ ಹೇಳಿಬಿಡುತ್ತೇನೆ, ಆಮೇಲೆ ಪುಟ್ಟಗೌರಮ್ಮನ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಮೇಡಂ ಗಾಜಿನ ಪಟ್ಟಿಯ ಮೇಲೆ ಈರುಳ್ಳಿ ಪೊರೆ ಇಟ್ಟು "ನೋಡಿ ಗಿರಿಜಮ್ಮ" ಅಂದರು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಒತ್ತಿದೆ. ಬೆಳಕಿನ ನಡುವೆ ಕಪ್ಪಗೆ, ಬಾಗಿಕೊಂಡು, ಒಂದರ ಪಕ್ಕ ಒಂದು ಹೆಡೆ ಎತ್ತಿದ ಹಾಗೆ ಏನೋ ನಿಂತಿವೆ. ನಾನು ಉಸಿರೆಳೆದರೆ ಅಲ್ಲಾಡುತ್ತವೆ. "ಶಿವ ಶಿವಾ, ನಾಗಪ್ಪ!" ಅಂತ ಕೈ ಮುಗಿದೇಬಿಟ್ಟೆ. ಪುಟ್ಟಗೌರಮ್ಮ "ಎಲ್ಲಿ, ಎಲ್ಲಿ, ನಂಗೂ ತೋರ್ಸಿ" ಅಂತ ನನ್ನನ್ನು ಪಕ್ಕಕ್ಕೆ ನೂಕಿ ನೋಡಿ, ತಾನೂ ಕೆನ್ನೆ ಕೆನ್ನೆ ಬಡಿದುಕೊಂಡಳು. ಮೇಡಂ ಗಾಬರಿಯಾಗಿ ತಾವು ನೋಡಿದರು. ಆಮೇಲೆ ಬಹಳ ಮೃದುವಾಗಿ, "ಗಿರಿಜಮ್ಮ, ಸ್ವಲ್ಪ ದೂರ ಇಟ್ಕೊಂಡು ನೋಡಿ. ಅದು ನಿಮ್ಮ ಕಣ್ಣಿನ ರೆಪ್ಪೆ ಕೂದಲು" ಅಂದರು. ಪುಟ್ಟಗೌರಮ್ಮ ಮುಗಿದದ್ದು ಅವಳದೇ ರೆಪ್ಪೆಗೆ. ತಮ್ಮ ತಮ್ಮ ರೆಪ್ಪೆಗೆ ತಾವೇ ನಮಸ್ಕಾರ ಮಾಡಿಕೊಂಡವರು ಮೈಸೂರಿನಲ್ಲಿ ನಾವಿಬ್ಬರೇ ಇರಬೇಕು.

ದೂರ ಇಟ್ಟು ನೋಡಿದ ಮೇಲೆ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು. ದಿನಾ ಕಣ್ಣೀರು ಸುರಿಸುತ್ತ ಹೆಚ್ಚಿ ಎಸೆಯುವ ಆ ಪೊರೆಯಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಮನೆಗಳು. ಒಂದೊಂದು ಮನೆಯಲ್ಲೂ ದೇವರ ಗೂಡಿನಲ್ಲಿ ದೀಪ ಇಟ್ಟ ಹಾಗೆ ಒಂದೊಂದು ಚುಕ್ಕೆ. ಇನ್ನೊಂದು ದಿನ ಬಿಲ್ವಪತ್ರೆಯ ಬೆನ್ನಿನ ಪೊರೆ ನೋಡಿದೆವು. ಅದರ ತುಂಬ ಪುಟ್ಟ ಪುಟ್ಟ ತುಟಿಗಳು, ಅರೆ ತೆರೆದ ತುಟಿಗಳು. ಎಲೆ ಉಸಿರಾಡುವುದು ಅವುಗಳಿಂದ ಅಂತ ಮೇಡಂ ಹೇಳಿದರು. ನಾನು ಹುಟ್ಟಿದಾಗಿನಿಂದ ಶಿವನಿಗೆ ಪತ್ರೆ ಏರಿಸುತ್ತಿದ್ದೇನೆ. ಮಂತ್ರ ಹೇಳುವುದು ನಾನೊಬ್ಬಳೇ ಅಂದುಕೊಂಡಿದ್ದೆ. ಅಷ್ಟು ಬಾಯಿಗಳು ಜೊತೆಗಿದ್ದವು ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ದಿನ ಮನೆಗೆ ಬರುವಾಗ ಬೀದಿಯ ಹೊಂಗೆ ಮರದ ಕೆಳಗೆ ಸುಮ್ಮನೆ ನಿಂತುಬಿಟ್ಟೆ. ತರಕಾರಿ ಗಾಡಿಯವನು "ಏನಮ್ಮ, ತಲೆ ಸುತ್ತುತ್ತಾ?" ಅಂತ ಕೇಳಿದ. ಹೌದಪ್ಪ ಅಂದೆ, ಸುಳ್ಳೇನಲ್ಲ.

ಮೇಡಂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವರ ಫೀಸೇ ಬೇರೆ. "ಇಲ್ಲಿ ಕಲಿತದ್ದನ್ನ ಮನೆಗೆ ಹೋಗಿ ಒಬ್ಬರಿಗಾದ್ರೂ ಹೇಳ್ಬೇಕು. ಮುಚ್ಚಿಟ್ಕೊಂಡ್ರೆ ಮುಂದಿನ ಕ್ಲಾಸಿಗೆ ಬರೋ ಹಾಗಿಲ್ಲ" ಅಂದಿದ್ದರು. ಇಂಥ ಫೀಸು ನನಗೆ ಹೇಳಿ ಮಾಡಿಸಿದ್ದು. ನಾನು ಮೊದಲು ಹೇಳುತ್ತಿದ್ದದ್ದು ನಮ್ಮತ್ತೆಗೆ. ಎಂಬತ್ತು ದಾಟಿದ ಜೀವ, ಹಲ್ಲಿಲ್ಲ, ಸೊಂಟ ಬಾಗಿದೆ, ಕಿವಿ ಮಾತ್ರ ಬೇಕಾದ್ದಕ್ಕೆ ಚೆನ್ನಾಗಿ ಕೇಳಿಸುತ್ತದೆ. ಕ್ಲಾಸಿನ ದಿನ ಅವರೇ ನನ್ನನ್ನು ಹೊರಡಿಸುತ್ತಿದ್ದರು: "ಹೋಗೇ ಗಿರಿಜಾ, ಹೊತ್ತಾಯ್ತು. ಹಾಲಿನವ್ನು ಬಂದ್ರೆ ನಾ ನೋಡ್ಕೋತೀನಿ." ವಾಪಸು ಬರುವಷ್ಟರಲ್ಲಿ ದಿವಾನದ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದರು. "ಏನ್ ನೋಡ್ದೆ?" ಬಾಗಿಲಲ್ಲಿ ಚಪ್ಪಲಿ ಬಿಡಲೂ ಬಿಡುತ್ತಿರಲಿಲ್ಲ.

ಎಲ್ಲ ಸರಿಯಾಗಿತ್ತು, ಮೇಡಂ ಒಂದು ಬುಧವಾರ "ಶನಿವಾರ ನಿಮ್ಮ ಅಡುಗೆಮನೆಯಿಂದ ಏನಾದ್ರೂ ತನ್ನಿ" ಅನ್ನುವ ತನಕ. ನಾನು ಹೆಮ್ಮೆಯಿಂದ ಒಂದು ಬಟ್ಟಲು ಮೊಸರು ತೆಗೆದುಕೊಂಡು ಹೋದೆ. ನಮ್ಮ ಮನೆ ಮೊಸರು ಅಂದರೆ ಸುಮ್ಮನೆ ಅಲ್ಲ. ಅದರ ಹೆಪ್ಪು ನಮ್ಮತ್ತೆ ಮದುವೆಯಾಗಿ ಬರುವಾಗ ಅವರ ತವರಿಂದ ತಂದದ್ದು, ಇವತ್ತಿನವರೆಗೆ ಆರಿಲ್ಲ. ಮೇಡಂ ಅದನ್ನು ಗಾಜಿಗೆ ತೆಳ್ಳಗೆ ಸವರಿ, ಮೇಣದಬತ್ತಿಗೆ ಹಿಡಿದು ಬೆಚ್ಚಗೆ ಮಾಡಿ, ನೀಲಿ ಬಣ್ಣ ಹಾಕಿ ತೊಳೆದು, "ಈಗ ನೋಡಿ" ಅಂದರು.

ಏನಂತ ಹೇಳಲಿ. ಬೆಳಕಿನ ಕೆರೆಯಲ್ಲಿ ನೀಲಿ ನೀಲಿ ಮಣಿಗಳು ಸರ ಸರವಾಗಿ ಹರಡಿದ್ದವು, ರುದ್ರಾಕ್ಷಿ ಮಾಲೆ ಹರಿದು ಚೆಲ್ಲಿದ ಹಾಗೆ. ನಡುವೆ ಪುಟ್ಟ ಪುಟ್ಟ ಕಡ್ಡಿಗಳು. ಹಾಲನ್ನು ಮೊಸರು ಮಾಡುವವರು ಇವರೇ ಅಂತ ಮೇಡಂ ಹೇಳಿದರು. ಒಂದು ಚಮಚದಲ್ಲಿ ಎಷ್ಟಿರಬಹುದು ಅಂತ ಕೇಳಿದೆ. "ಇಡೀ ಮೈಸೂರಿನ ಜನಕ್ಕಿಂತ ಹೆಚ್ಚು" ಅಂದರು. ನನ್ನ ಕಣ್ಣಲ್ಲಿ ನೀರು ಬಂದು ಕೊಳವೆ ಮಸುಕಾಯಿತು. ಸಂಜೆ ಒಂದಿಷ್ಟು ಹೆಪ್ಪು ಹಾಕಿ ತಟ್ಟೆ ಮುಚ್ಚಿ ಮಲಗುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಒಂದು ಊರೇ ಕೂತು ಕೆಲಸ ಮಾಡಿರುತ್ತಿತ್ತು. ನಾನು ಒಂದು ದಿನವೂ ಯಾರಪ್ಪ ನೀವು ಅಂತ ಕೇಳಿರಲಿಲ್ಲ.

ಆಮೇಲೆ ಹೊಳೆಯಿತು. "ಮೇಡಂ, ಹಾಗಾದ್ರೆ ಮೊಸರಿಗೆ... ಜೀವ ಇದೆಯಾ?"

"ಇದೆ ಮತ್ತೆ. ಜೀವ ಇಲ್ದೆ ಹೆಪ್ಪಾಗೋದು ಹೇಗೆ?"

ಪುಟ್ಟಗೌರಮ್ಮ ತೊಡೆ ತಟ್ಟಿಕೊಂಡಳು. "ಕೆಟ್ರಿ ಬುಡಿ ಗಿರಿಜಕ್ಕ! ಊಕೋಸಲ್ಲಿ ಒಂದು ಉಳ ಸಿಕ್ತು ಅಂತ ನಿಮ್ಮತ್ತೆ ಅವತ್ತಿಂದ ಊಕೋಸೇ ಬುಟ್ಬುಟ್ರು. ಮೊಮ್ಮಗಳ ಕೇಕಿಗೆ ಮೊಟ್ಟೆ ಆಕವ್ರೆ ಅಂತ ಉಟ್ಟಬ್ಬದ ದಿನ ನಮ್ಮನೇಲಿ ಬಂದು ಕೂತಿದ್ರು. ಈಗ ಮೊಸರು ತುಂಬಾ ಜೀವ ಅಂತ ಎಂಗ್ ಏಳೀರಿ?"

ಅವಳು ನಗುತ್ತಿದ್ದಳು, ನಾನು ಮೊಸರಿನ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅತ್ತೆಯ ಊಟ ಅಂದರೆ ಮೊಸರನ್ನ. ಎರಡು ಹೊತ್ತೂ ಅದೇ. ಖಾರ ತಿಂದರೆ ಹೊಟ್ಟೆ ಉರಿ, ಬೇಳೆ ತಿಂದರೆ ವಾಯು, ಚಪಾತಿಗೆ ಹಲ್ಲಿಲ್ಲ. ಮೊಸರು ಬಿಟ್ಟರೆ ಆ ಜೀವಕ್ಕೆ ಬೇರೆ ದಾರಿ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲೇ ನಮ್ಮ ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ಅವರು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ಸರಿಯಿದೆಯೇ ಅಂತ ನೋಡುವವರು. ಎಲ್ಲ ವಿಷಯದಲ್ಲೂ ಒಂದು ಕೂದಲಷ್ಟು ಹೆಚ್ಚುಕಡಿಮೆ ಸಹಿಸುವುದಿಲ್ಲ. "ನೋಡು, ಅವ್ವನ ಹತ್ರ ಇದೊಂದು ಬಾಯಿ ಬಿಟ್ಯೋ, ಕಥೆ ಮುಗೀತು. ನನಗೆ ಹೇಳಿದ್ದಾಯ್ತಲ್ಲ, ಫೀಸು ಕಟ್ಟಿದ ಹಾಗಾಯ್ತು. ಸುಮ್ನಿರು" ಅಂದರು. ಲೆಕ್ಕದ ಪ್ರಕಾರ ಸರಿಯೇ.

ಆದರೆ ದಿವಾನದ ಮೇಲೆ ಕಾಲು ಇಳಿಬಿಟ್ಟು ಕೂತವರಿಗೆ ಲೆಕ್ಕ ಹೇಳಲಾಗುತ್ತದೆಯೇ? "ಏನ್ ನೋಡ್ದೆ?" ಅಂದರು. "ಉಪ್ಪು ಅತ್ತೆ" ಅಂದೆ. "ಉಪ್ಪು ಹೋದ ವಾರ ನೋಡಿದ್ದಲ್ವೇನೇ?" "ಇದು ಕಲ್ಲುಪ್ಪು." ಬುಧವಾರ, ಮೈಕ್ರೋಸ್ಕೋಪು ಕೆಟ್ಟಿದೆ ಅಂದೆ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ, ಮೌನವ್ರತ ಮಾಡುವ ಸ್ವಾಮಿಗಳ ಮೇಲೆ ಗೌರವ ಹೆಚ್ಚಿತು. ಮಾತು ಬಾಯಿಂದ ಬರುವುದು ನಿಂತಿತು, ಕೈಕಾಲುಗಳಿಂದ ಹೊರಡತೊಡಗಿತು. ಮೊಸರಿನ ಪಾತ್ರೆ ಮುಚ್ಚಳ ತೆಗೆಯುವಾಗ ನನಗೇ ಗೊತ್ತಿಲ್ಲದೆ ಕೈ ಮುಗಿಯುತ್ತಿದ್ದೆ. ಸೌಟು ಹಾಕುವ ಮೊದಲು "ಸ್ವಲ್ಪ ಸರೀರಪ್ಪ" ಅಂದದ್ದೂ ಉಂಟು.

ಅತ್ತೆ ಎಷ್ಟು ದಿನ ನೋಡಿಯಾರು? ಗುರುವಾರ ಮಧ್ಯಾಹ್ನ ತಟ್ಟೆಗೆ ಮೊಸರನ್ನ ಕಲಸಿ ಇಟ್ಟೆ. ಅವರು ಅದನ್ನು ಮುಟ್ಟದೆ ನನ್ನ ಮುಖ ನೋಡಿದರು. "ಮೊಸರಿಗೆ ಯಾಕೇ ಕೈ ಮುಗೀತೀಯ?"

"ಎಲ್ಲಿ ಅತ್ತೆ, ಸುಮ್ನೆ..."

"ನಂಗೆ ಕಣ್ಣು ಆಪರೇಶನ್ ಆಗೈತೆ ಕಣೆ, ಚೆನ್ನಾಗಿ ಕಾಣುಸ್ತದೆ. ಕಲ್ಲುಪ್ಪಂತೆ, ಕೆಟ್ಟೋಗೈತಂತೆ." ಆಮೇಲೆ ದನಿ ಇಳಿಸಿ, "ಇಸ್ಕೂಲು ಮೆಟ್ಲು ಅತ್ತುಸ್ಲಿಲ್ಲ ನಮ್ಮಪ್ಪ. ನೀ ಬಂದು ಹೇಳ್ತೀಯಲ್ಲ, ಅದೇ ನಂಗೆ ಓದು. ಮುದುಕಿ ತಡ್ಕಳಕಿಲ್ಲ ಅಂತ ನೀವೇ ಆರ್ಸಿ ಆರ್ಸಿ ಹೇಳೋದಾದ್ರೆ, ಅದೂ ಬ್ಯಾಡ ಬುಡು" ಅಂದರು.

ಆ ಮಾತಿನ ಮುಂದೆ ನಾನು ನಿಲ್ಲಲಾರದೆ ಹೋದೆ. ಎಲ್ಲ ಹೇಳಿದೆ. ಮಣಿಗಳು, ಸರಗಳು, ಒಂದು ಚಮಚದೊಳಗಿನ ಊರು. ಹೇಳುತ್ತ ಹೇಳುತ್ತ ಖುಷಿಯೂ ಬಂತು, ಭಯವೂ ಬಂತು. ಅತ್ತೆ ತಟ್ಟೆಯನ್ನೇ ನೋಡುತ್ತಿದ್ದರು. ನಮ್ಮಲ್ಲಿ ತಟ್ಟೆಗೆ ಬಂದ ಅನ್ನವೇ ಪ್ರಸಾದ, ಅದನ್ನು ಬಿಡುವ ಹಾಗಿಲ್ಲ. ಕಣ್ಣು ಮುಚ್ಚಿ, ಒಂದೊಂದು ತುತ್ತಿಗೂ ತುಟಿ ಅಲ್ಲಾಡಿಸಿ ಏನೋ ಹೇಳಿಕೊಂಡು ಪೂರ್ತಿ ಉಂಡರು. ತಟ್ಟೆ ತೊಳೆದ ನೀರನ್ನೂ ಕುಡಿದು, "ನಾಳೆಯಿಂದ ಮೊಸರು ಬ್ಯಾಡ ಕಣವ್ವ" ಅಂದರು. ಸಿಟ್ಟಿನಿಂದಲ್ಲ. ಅದೇ ನನ್ನನ್ನು ಕೊಂದದ್ದು.

ಮಾರನೆಯ ದಿನ ತಿಳಿಸಾರಿನ ಅನ್ನ ತಿಂದು ಎದೆ ಉಜ್ಜಿಕೊಳ್ಳುತ್ತ ಮಲಗಿದರು. ರಾತ್ರಿಗೆ ಬಾಳೆಹಣ್ಣು ಸಾಕು ಅಂದರು. ನಮ್ಮ ಯಜಮಾನರು ನನ್ನನ್ನು ಅಡುಗೆಮನೆಗೆ ಕರೆದು, "ಏನು, ಸಮಾಧಾನ ಆಯ್ತಾ? ವಿಜ್ಞಾನ ಬೆಳೀತಾ?" ಅಂದರು. ನಾನು ಶಿವನ ಮುಂದೆ ಹೋಗಿ ಕೂತೆ. ನಾಲಗೆ ಕೊಟ್ಟವನು ಅದಕ್ಕೊಂದು ಅಗುಳಿ ಯಾಕಪ್ಪ ಇಡಲಿಲ್ಲ ಅಂತ ಕೇಳಿದೆ. ಗೂಡಿನ ದೀಪ ಚಟ್ ಚಟ್ ಅಂದಿತು, ಎಣ್ಣೆಯಲ್ಲಿ ನೀರು ಸೇರಿತ್ತೋ ಏನೋ.

ಶನಿವಾರ ಮಧ್ಯಾಹ್ನ ನಾನು ಕ್ಲಾಸಿಗೆ ಹೋಗುವುದೇ ಬೇಡ ಅಂತ ಕೂತಿದ್ದೆ. ಅತ್ತೆ ಸೆರಗು ಹೊದ್ದು, ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ! "ನಡಿ. ನೀ ಹೇಳಿದ್ದು ಕೇಳಿ ಬುಟ್ಟೆ. ಇನ್ನು ನೋಡೇ ಬುಡ್ತೀನಿ. ಒಂದು ಬಟ್ಲು ಮೊಸರು ತಗಾ."

ಅವರು ಬೀದಿಯ ಆ ಕೊನೆಯ ತನಕ ನಡೆದು ಎಷ್ಟೋ ಕಾಲವಾಗಿತ್ತು. ಹಾದಿಯುದ್ದಕ್ಕೂ ಗೇಟಿನ ಹಿಂದೆ ನಿಂತವರೆಲ್ಲ "ಏನಜ್ಜಿ, ಎಲ್ಲಿಗೆ?" ಅಂದರೆ, "ಕಾಲೇಜಿಗೆ" ಅಂತ ಗಂಭೀರವಾಗಿ ಹೇಳಿದರು. ಮೇಡಂ ಎದ್ದು ಬಂದು ಕೈ ಹಿಡಿದು ಕೂರಿಸಿದರು. ಗಾಜಿಗೆ ಮೊಸರು ಸವರಿ ಮೇಣದಬತ್ತಿ ಹಚ್ಚಿದರು.

"ಅದ್ಯಾಕವ್ವ ಕಾಯಿಸ್ತೀರಾ?"

"ಗಾಜಿಗೆ ಅಂಟಿಕೊಳ್ಳಲಿ ಅಂತ ಅಮ್ಮ."

"ಕಾಯಿಸಿದ್ರೆ ಅವು ಸಾಯಾಕಿಲ್ವಾ?"

ಮೇಡಂ ಕೈ ಅಲ್ಲೇ ನಿಂತಿತು. ಅಷ್ಟು ವರ್ಷ ಪಾಠ ಹೇಳಿದರೂ ಆ ಪ್ರಶ್ನೆಯನ್ನು ಹೀಗೆ ಯಾರೂ ಕೇಳಿರಲಿಲ್ಲವಂತೆ. "ಸಾಯ್ತಾವೆ ಅಮ್ಮ" ಅಂದು ಬತ್ತಿ ಆರಿಸಿದರು. ಆ ಗಾಜು ಪಕ್ಕಕ್ಕಿಟ್ಟು, ಇನ್ನೊಂದರ ಮೇಲೆ ಮೊಸರಿನ ತಿಳಿಯನ್ನು ಹಾಗೇ ಒಂದು ಹನಿ ಬಿಟ್ಟು, ಬೆಳಕು ಕಡಿಮೆ ಮಾಡಿ ತೋರಿಸಿದರು.

ಅತ್ತೆಯ ಬಾಗಿದ ಸೊಂಟ ಆ ಕೊಳವೆಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ನೋಡಿದರು. ನೋಡುತ್ತಲೇ ಇದ್ದರು. ಪುಟ್ಟಗೌರಮ್ಮ ಕೂಡ ಮಾತಾಡಲಿಲ್ಲ, ನಮ್ಮ ಬೀದಿಯಲ್ಲಿ ಅದೇ ಒಂದು ಪವಾಡ. ಕೊನೆಗೆ, "ಗಡಗಡ ನಡುಗ್ತಾವಲ್ಲವ್ವ, ಚಳಿಯಾ?" ಅಂದರು.

"ಇಲ್ಲಮ್ಮ, ನೀರು ಅವನ್ನ ಕುಲುಕ್ತಾ ಇದೆ. ತಾವಾಗಿ ಓಡಾಡ್ತಿಲ್ಲ. ಆದ್ರೆ ಜೀವ ಇದೆ."

"ಏನ್ ತಿಂದ್ಕಂಡು ಇರ್ತಾವೆ?"

"ಹಾಲಿನೊಳಗಿನ ಸಿಹಿ."

"ನಾವು ಉಂಡಾಗ ಹೊಟ್ಟೆಗೋಗಿ ಏನಾಯ್ತಾವೆ?"

"ಕೆಲವು ಸಾಯ್ತಾವೆ. ಕೆಲವು ಬದುಕಿ, ಇದ್ದಷ್ಟು ದಿನ ಒಳ್ಳೇದು ಮಾಡ್ತಾವೆ. ಹೊಟ್ಟೆಯೊಳಗೆ ಮೊದಲಿಂದಲೂ ಇಂಥವು ಲೆಕ್ಕ ಇಲ್ಲದಷ್ಟು ಇವೆ ಅಮ್ಮ. ನಿಮ್ಮದರಲ್ಲೂ, ನನ್ನದರಲ್ಲೂ. ನಾವು ಉಂಡ ಅನ್ನದಲ್ಲೇ ಅವುಗಳ ಊಟ."

ಅತ್ತೆ ಕೊಳವೆಯಿಂದ ಕಣ್ಣು ತೆಗೆದರು. ಸೆರಗಿನ ಮೇಲಿಂದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು, ಬಸುರಿ ಇಟ್ಟುಕೊಳ್ಳುವ ಹಾಗೆ. ಅವರ ಮುಖ ನಾನು ಅಷ್ಟು ವರ್ಷ ನೋಡಿದ್ದರೂ ಆ ಮುಖ ನೋಡಿರಲಿಲ್ಲ. "ಹಂಗಾದ್ರೆ ಇಷ್ಟು ವರ್ಷ ನಾನೊಬ್ಳೇ ಉಂಡಿಲ್ಲ" ಅಂದರು. "ದಾಸೋಹ ನಡೆಸೀನಿ ಕಣೇ ಗಿರಿಜಾ."

ಬಂದವರು ಯಾರು, ಯಾವ ಕುಲ ಅಂತ ಕೇಳದೆ ಪಂಕ್ತಿಯಲ್ಲಿ ಕೂರಿಸಿ ಅನ್ನ ಇಕ್ಕುವುದು ನಮ್ಮ ಕಡೆ ದಾಸೋಹ. ಮಠದಲ್ಲಿ ಅದಕ್ಕೆ ದೊಡ್ಡ ಕೊಪ್ಪರಿಗೆಗಳಿವೆ, ನೂರಾರು ಕೈಗಳಿವೆ. ನಮ್ಮತ್ತೆಯದು ಕುಂಬಾರಕೊಪ್ಪಲಿನ ಒಂದು ಬಡಕಲು ಹೊಟ್ಟೆ. ಪಂಕ್ತಿ ಮಾತ್ರ ಅದಕ್ಕಿಂತ ದೊಡ್ಡದು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಸುಮ್ಮನೆ ಅತ್ತೆಯ ಕಾಲ ಹತ್ತಿರ ಕೂತೆ, ಮಂಡಿ ನೋವೂ ನೆನಪಾಗಲಿಲ್ಲ.

ಅತ್ತೆ ಎದ್ದು ಊರುಗೋಲು ಕೇಳಿದರು. "ನಡಿ ನಡಿ. ಗುರುವಾರದಿಂದ ಅವ್ರು ಉಪವಾಸ ಅವ್ರೆ." ಅಲ್ಲಿಯ ತನಕ ಅವು, ಇವು ಅನ್ನುತ್ತಿದ್ದವರು ಅವರು ಅನ್ನುವುದಕ್ಕೆ ಶುರು ಮಾಡಿದ್ದನ್ನು ನಾನು ದಾರಿಯಲ್ಲಿ ಗಮನಿಸಿದೆ. ಮನೆಗೆ ಬಂದು, ಹೊತ್ತಲ್ಲದ ಹೊತ್ತಿನಲ್ಲಿ ಎರಡು ಸಲ ಮೊಸರನ್ನ ಹಾಕಿಸಿಕೊಂಡರು. "ಒಂದು ನಂಗೆ, ಇನ್ನೊಂದು ಅವ್ರಿಗೆ." ನಮ್ಮ ಯಜಮಾನರು ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ನನಗೆ ಬರೀ "ಕಾಫಿ ಇದೆಯಾ?" ಅಂದರು. ಕ್ಷಮೆ ಕೇಳುವುದಕ್ಕೆ ಅವರಿಗೆ ಬರುವುದು ಅದೊಂದೇ ಮಾತು.

ಇಲ್ಲಿಗೆ ಮುಗಿದಿದ್ದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಆ ಭಾನುವಾರ ಖುಷಿಗೆ ಬೂದುಗುಂಬಳಕಾಯಿ ಮಜ್ಜಿಗೆಹುಳಿಗೆ ಇಟ್ಟೆ. ಮದುವೆಯಾದಾಗಿನಿಂದ ನಮ್ಮ ಯಜಮಾನರು ನನ್ನನ್ನು ಬಾಯಿಬಿಟ್ಟು ಹೊಗಳಿರುವುದು ಈ ಒಂದು ಪದಾರ್ಥಕ್ಕೆ ಮಾತ್ರ. ಹೋಳು ಬೆಂದು, ರುಬ್ಬಿದ್ದು ಹಾಕಿ, ಮೊಸರಿನ ಪಾತ್ರೆ ಎತ್ತಿದೆ. ಬಾಗಿಲಲ್ಲಿ ಅತ್ತೆ.

"ಅದನ್ನ ಎಲ್ಲಿಗೆ ಸುರೀತೀಯ?"

"ಮಜ್ಜಿಗೆಹುಳಿ ಅತ್ತೆ, ಹಾಕಿ ಒಂದು ಕುದಿ ಬರಿಸಿದ್ರೆ..." ಅಂದವಳು ನಿಲ್ಲಿಸಿದೆ.

"ಕುದಿ!" ಅಂದರು. "ಪಂಕ್ತೀಲಿ ಕೂತು ಉಣ್ಣೋರ್ನ ಒಲೆ ಮೇಲೆ ಕೂರುಸ್ತೀಯೇನೇ?"

ಒಲೆ ಆರಿಸಿದೆ. ಅದೇ ಕೊನೆ, ನಮ್ಮ ಮನೆಯಲ್ಲಿ ಮಜ್ಜಿಗೆಹುಳಿ ಇಲ್ಲ. ಹಸಿ ಮೊಸರಿನದು ಏನು ಬೇಕಾದರೂ ಮಾಡಬಹುದು, ಕಾಯಿಸುವ ಹಾಗಿಲ್ಲ. ನಮ್ಮ ಯಜಮಾನರು ತಟ್ಟೆ ನೋಡಿ, ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟರು. ಪಾಪ, ಈಗ ನನ್ನನ್ನು ಹೊಗಳಲು ಅವರ ಹತ್ತಿರ ವಿಷಯವೇ ಉಳಿದಿಲ್ಲ.

ಹೋದ ಬುಧವಾರ ಮೇಡಂ, "ಶನಿವಾರ ಉಬ್ಬಿದ ಇಡ್ಲಿ ಹಿಟ್ಟು ತನ್ನಿ ಗಿರಿಜಮ್ಮ, ಅದು ಯಾಕೆ ಉಬ್ಬುತ್ತೆ ನೋಡೋಣ" ಅಂದರು. ಪುಟ್ಟಗೌರಮ್ಮ ಕಿವಿಯಲ್ಲಿ, "ಮರ್ತೋಯ್ತು ಅಂದ್ಬುಡಿ ಅಕ್ಕ" ಅಂದಳು. ನಾನು ಮನೆಯಲ್ಲಿ ಈ ಸುದ್ದಿ ಹೇಳಿದಾಗಿನಿಂದ ನಮ್ಮ ಯಜಮಾನರು, ಇನ್ನು ಸಿಗುತ್ತೋ ಇಲ್ಲವೋ ಅನ್ನುವ ಹಾಗೆ, ಬೆಳಿಗ್ಗೆಯೂ ಇಡ್ಲಿ, ಡಬ್ಬಿಗೂ ಇಡ್ಲಿ ಕೇಳುತ್ತಿದ್ದಾರೆ. ಇವತ್ತು ಶನಿವಾರ, ಅವರಿಗೆ ರಜೆ. ಮಧ್ಯಾಹ್ನ ಹಿಟ್ಟನ್ನು ಸಣ್ಣ ಡಬ್ಬಿಗೆ ತುಂಬಿಕೊಂಡು ಹೊರಟೆ. ದಿವಾನದಿಂದ ಅತ್ತೆ, "ಅದ್ರಾಗೂ ಅವ್ರು ಇದ್ದಾರೇನೇ?" ಅಂದರು.

"ನೋಡ್ಕೊಂಡು ಬಂದು ಹೇಳ್ತೀನಿ ಅತ್ತೆ" ಅಂದೆ.

ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ಮೆಲ್ಲಗೆ ತೆಗೆದ ಸದ್ದಾಯಿತು. ನಾನು ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಹೋಗಿ, ನಮ್ಮ ಯಜಮಾನರ ಪಕ್ಕದಲ್ಲಿ ನಿಂತು, ಮಾತಾಡದೆ ಎರಡು ಇಡ್ಲಿ ತಿಂದು ಹೊರಟೆ.